ತಂದೆಯ ಕಾಲದ ರಿವಾಲ್ವರ್: ಇತಿಹಾಸ ಅರಿಯುವುದು ಹೇಗೆ, ಕಾನೂನು ಹೇಳುವುದೇನು?

ಮನೆಯ ಹಿರಿಯರು ತೀರಿಕೊಂಡ ನಂತರ ಬೀರು, ಟ್ರಂಕು, ಬ್ಯಾಂಕ್ ಲಾಕರ್‌ಗಳನ್ನು ತೆರೆದು ನೋಡುವಾಗ ಒಡವೆ, ಪತ್ರ, ಪಹಣಿಗಳ ನಡುವೆ ಚರ್ಮದ ಚೀಲದಲ್ಲಿ ಸುತ್ತಿಟ್ಟ ಒಂದು ಹಳೆಯ ರಿವಾಲ್ವರ್ ದೊರೆಯುವುದು ಅಪರೂಪದ ಸಂಗತಿಯೇನಲ್ಲ. ಸೇನೆಯಲ್ಲಿದ್ದವರು, ಕಾಫಿ ತೋಟದ ಮಾಲೀಕರು, ಜಮೀನ್ದಾರರು, ಗಣಿ ಮತ್ತು ಅರಣ್ಯ ಪ್ರದೇಶಗಳಲ್ಲಿ ಕೆಲಸ ಮಾಡಿದವರು ಒಂದು ಕಾಲದಲ್ಲಿ ಇಂತಹ ಆಯುಧವನ್ನು ಸಕ್ರಮವಾಗಿಯೇ ಹೊಂದಿದ್ದರು. ಮಕ್ಕಳಿಗೆ ಅದು ತಂದೆಯ ನೆನಪು. ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ಪರವಾನಗಿ ಬೇಕಾದ ಶಸ್ತ್ರಾಸ್ತ್ರ. ಈ ಎರಡರ ನಡುವಿನ ಅಂತರವನ್ನು ಅರಿಯದೆ ಹೋದರೆ, ಯಾವ ತಪ್ಪನ್ನೂ ಮಾಡುವ ಉದ್ದೇಶವಿಲ್ಲದ ವ್ಯಕ್ತಿಯೂ ಆರೋಪಿಯಾಗಬೇಕಾದೀತು.

ಅಂತಹ ಆಯುಧವೊಂದರ ಚರಿತ್ರೆಯನ್ನು ಅದರ ಮೈಮೇಲಿನ ಗುರುತುಗಳಿಂದ ಹೇಗೆ ಓದಬಹುದು, ಅದನ್ನು ಸಕ್ರಮವಾಗಿ ಉಳಿಸಿಕೊಳ್ಳಲು ಅಥವಾ ಬಿಟ್ಟುಕೊಡಲು ಇರುವ ದಾರಿಗಳೇನು ಎಂಬ ಮಾಹಿತಿ ಇಲ್ಲಿದೆ.

ಮೊದಲ ನಿಯಮ: ಕೈ ತಡೆಯಿರಿ

ದಶಕಗಳ ಕಾಲ ಮುಟ್ಟದೆ ಇಟ್ಟ ರಿವಾಲ್ವರ್‌ನಲ್ಲಿಯೂ ಗುಂಡು ತುಂಬಿರಬಹುದು. 'ತಂದೆ ಎಂದೂ ಬಳಸಿರಲಿಲ್ಲ' ಎಂಬುದು ಅದು ಖಾಲಿ ಇದೆ ಎಂಬುದಕ್ಕೆ ಆಧಾರವಾಗದು. ತೋಟಾ ಹಳೆಯದಾದಷ್ಟೂ ಅದರ ನಡವಳಿಕೆ ಅನಿಶ್ಚಿತ. ಅದು ಸಿಡಿಯದೆ ಉಳಿಯಬಹುದು, ಅನಿರೀಕ್ಷಿತವಾಗಿ ಸಿಡಿಯಲೂಬಹುದು. ಆದ್ದರಿಂದ ಆಯುಧ ಕಂಡೊಡನೆ ಅದರ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಟ್ರಿಗರ್ ಮುಟ್ಟದೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡುವುದು ಮೊದಲ ಕರ್ತವ್ಯ. ಬಂದೂಕಿನ ಪರಿಚಯವಿಲ್ಲದವರು ಅದನ್ನು ತೆರೆಯಲು ಯತ್ನಿಸಬಾರದು. ಪರವಾನಗಿ ಪಡೆದ ಶಸ್ತ್ರಾಸ್ತ್ರ ವ್ಯಾಪಾರಿ ಅಥವಾ ಪೊಲೀಸ್ ಸಿಬ್ಬಂದಿ ಅದನ್ನು ತೆರೆದು ಖಾಲಿ ಮಾಡಿದ ನಂತರವೇ ಗುರುತು, ಸಂಖ್ಯೆಗಳ ಪರಿಶೀಲನೆ ನಡೆಯಬೇಕು.

ರಿವಾಲ್ವರ್ ಮತ್ತು ಪಿಸ್ತೂಲು

ಮಾತಿನಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುವುದುಂಟು. ಆದರೆ ರಚನೆಯಲ್ಲಿ ಅವು ಬೇರೆ. ರಿವಾಲ್ವರ್‌ನಲ್ಲಿ ಗುಂಡುಗಳು ಒಂದು ತಿರುಗುವ ಸಿಲಿಂಡರ್‌ನ ಗೂಡುಗಳಲ್ಲಿ ಕುಳಿತಿರುತ್ತವೆ. ಸಾಮಾನ್ಯವಾಗಿ ಇಂತಹ ಆರು ಗೂಡುಗಳು. ಹ್ಯಾಮರ್ ಹಿಂದಕ್ಕೆ ಸರಿದಾಗ ಸಿಲಿಂಡರ್ ಒಂದು ಹೆಜ್ಜೆ ತಿರುಗಿ, ಹೊಸ ಗುಂಡು ನಳಿಕೆಯ ನೇರಕ್ಕೆ ಬರುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಲ್ಲಿ ಪಡೆದ ಪೇಟೆಂಟ್ ಈ ತತ್ತ್ವವನ್ನು ವ್ಯಾಪಕ ತಯಾರಿಕೆಯ ಹಾದಿಗೆ ತಂದಿತು. ಪಿಸ್ತೂಲಿನಲ್ಲಾದರೆ ಗುಂಡುಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿದ್ದು, ಒಂದು ಗುಂಡು ಹಾರಿದ ಬಲದಿಂದಲೇ ಮುಂದಿನದು ತಾನಾಗಿ ಮೇಲೇರುತ್ತದೆ.

ರಿವಾಲ್ವರ್‌ಗಳಲ್ಲಿಯೂ ತೆರೆಯುವ ಬಗೆಯಿಂದ ಎರಡು ಮುಖ್ಯ ಕುಲಗಳನ್ನು ಗುರುತಿಸಬಹುದು. ಬ್ರಿಟಿಷ್ ಮಾದರಿಗಳು ಬಹುಮಟ್ಟಿಗೆ ನಡುವೆ ಮಡಚುವಂತಹವು. ಕೊಂಡಿ ಸಡಿಲಿಸಿದರೆ ನಳಿಕೆ ಕೆಳಗೆ ಬಾಗಿ, ಖಾಲಿ ತೋಟಾಗಳು ಒಟ್ಟಿಗೆ ಮೇಲೇಳುತ್ತವೆ. ಇಪ್ಪತ್ತನೆಯ ಶತಮಾನದ ಅಮೆರಿಕನ್ ಮಾದರಿಗಳಲ್ಲಿ ಚೌಕಟ್ಟು ಗಟ್ಟಿಯಾಗಿಯೇ ಇದ್ದು, ಸಿಲಿಂಡರ್ ಮಾತ್ರ ಎಡಕ್ಕೆ ಹೊರಳುತ್ತದೆ. ಮನೆಯಲ್ಲಿ ಸಿಕ್ಕ ಆಯುಧದ ಮೂಲ ಪತ್ತೆಗೆ ಇದೇ ಮೊದಲ ಸುಳಿವು.

ಭಾರತಕ್ಕೆ ಬಂದ ಬಗೆ

ಭಾರತದ ಮನೆಗಳಲ್ಲಿ ಸಿಗುವ ಹಳೆಯ ರಿವಾಲ್ವರ್‌ಗಳಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ವೆಬ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಈ ಸಂಸ್ಥೆಯ ಮಾರ್ಕ್ 1 ಮಾದರಿಯನ್ನು ಬ್ರಿಟಿಷ್ ಸೇನೆ 1887ರಲ್ಲಿ ಅಂಗೀಕರಿಸಿತು. ವೆಬ್ಲಿ ಸಂಸ್ಥೆಯು 1897ರಲ್ಲಿ ಸ್ಕಾಟ್ ಸಂಸ್ಥೆಯೊಡನೆ ವಿಲೀನಗೊಂಡು ಮುಂದೆ 'ವೆಬ್ಲಿ ಅಂಡ್ ಸ್ಕಾಟ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1899ರ ಮಾರ್ಕ್ 4 ಬೋಯರ್ ಯುದ್ಧದ ಕಾಲದ್ದು. 1915ರ ಮಾರ್ಕ್ 6 ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅಧಿಕಾರಿಗಳ ಸೊಂಟದಲ್ಲಿದ್ದ ಆಯುಧ. ಆರು ಅಂಗುಲದ ನಳಿಕೆ, ಚೌಕಾಕಾರದ ಹಿಡಿ, ಒಂದು ಕಿಲೋಗ್ರಾಂ ಮೀರಿದ ತೂಕ, .455 ಬೋರ್‌ನ ದಪ್ಪ ಗುಂಡು ಇದರ ಲಕ್ಷಣಗಳು.

ದೊಡ್ಡ ಗುಂಡಿನ ಒದೆತವನ್ನು ಹೊಸಬರು ನಿಭಾಯಿಸುವುದು ಕಷ್ಟವಾದ್ದರಿಂದ ಬ್ರಿಟಿಷ್ ಸೇನೆ ಎರಡು ಮಹಾಯುದ್ಧಗಳ ನಡುವೆ .38 ಬೋರ್‌ಗೆ ಇಳಿಯಿತು. ಸರ್ಕಾರಿ ಕಾರ್ಖಾನೆ ತಯಾರಿಸಿದ ಎನ್‌ಫೀಲ್ಡ್ ನಂಬರ್ 2 ಮಾದರಿ 1932ರಲ್ಲಿ ಸೇವೆಗೆ ಬಂತು. ನೋಡಲು ಅದನ್ನೇ ಹೋಲುವ ವೆಬ್ಲಿ ಮಾರ್ಕ್ 4 (.38) ಕೂಡ ಯುದ್ಧಕಾಲದಲ್ಲಿ ಸಾಕಷ್ಟು ಬಳಕೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ತಯಾರಿಕೆ ಸಾಲದೆ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆಯಿಂದ ಇದೇ ಬೋರ್‌ನ ರಿವಾಲ್ವರ್‌ಗಳನ್ನು ತರಿಸಿಕೊಳ್ಳಲಾಯಿತು. ಅವುಗಳಲ್ಲಿ 'ವಿಕ್ಟರಿ' ಮಾದರಿಯ ಕ್ರಮಸಂಖ್ಯೆಗೆ ಮುನ್ನ 'ವಿ' ಅಕ್ಷರವಿರುತ್ತದೆ.

ಸೇನೆ ಸರಬರಾಜು ಮಾಡಿದ ಆಯುಧಗಳಷ್ಟೇ ಅಲ್ಲ, ಖಾಸಗಿಯಾಗಿ ಕೊಂಡವೂ ಇವೆ. ಬ್ರಿಟಿಷ್ ಅಧಿಕಾರಿಗಳು ಒಂದು ಕಾಲದಲ್ಲಿ ತಮ್ಮ ರಿವಾಲ್ವರ್ ಅನ್ನು ಸ್ವಂತ ಹಣದಿಂದಲೇ ಖರೀದಿಸುತ್ತಿದ್ದರು. ಲಂಡನ್ನಿನ 'ಆರ್ಮಿ ಅಂಡ್ ನೇವಿ' ಸಹಕಾರ ಮಳಿಗೆ, ಕಲ್ಕತ್ತೆಯ ಮ್ಯಾಂಟನ್, ರೋಡಾ ಮೊದಲಾದ ಅಂಗಡಿಗಳು ಇಂತಹ ವ್ಯಾಪಾರಕ್ಕೆ ಹೆಸರಾಗಿದ್ದವು. 1914ರ ಆಗಸ್ಟ್ 26ರಂದು ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು ಮತ್ತು 46,000 ಗುಂಡುಗಳನ್ನು ಅಪಹರಿಸಿದ್ದು ಇದೇ ರೋಡಾ ಕಂಪನಿಯ ಸರಕಿನಿಂದ. ಅಂಗಡಿಯ ಹೆಸರನ್ನು ನಳಿಕೆಯ ಮೇಲ್ಭಾಗದಲ್ಲಿ ಕೆತ್ತುವ ರೂಢಿಯಿತ್ತು. ಅಂತಹ ಕೆತ್ತನೆ ಇದ್ದಲ್ಲಿ ಆಯುಧವು ಯಾವ ಊರಿನ ಮೂಲಕ ಕುಟುಂಬಕ್ಕೆ ಬಂತೆಂಬುದರ ಸುಳಿವು ದೊರೆಯುತ್ತದೆ.

ಸ್ವಾತಂತ್ರ್ಯಾನಂತರದ ಮನೆಗಳಲ್ಲಿ ಸಿಗುವ ಇನ್ನೊಂದು ಬಗೆಯೆಂದರೆ ಕಾನ್ಪುರದಲ್ಲಿ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ತಯಾರಿಸಿದ .32 ಬೋರ್ ರಿವಾಲ್ವರ್. ಇದರ ವಿನ್ಯಾಸವೂ ವೆಬ್ಲಿ ಮಾರ್ಕ್ 4ನ್ನೇ ಅನುಸರಿಸಿದೆ. ಹೀಗಾಗಿ ಮೇಲ್ನೋಟಕ್ಕೆ ಇಂಗ್ಲೆಂಡಿನದೆಂದು ಕಾಣುವ ರಿವಾಲ್ವರ್ ಭಾರತದಲ್ಲಿಯೇ ತಯಾರಾದುದಿರಬಹುದು. ಬ್ರಿಟಿಷ್ ಹೆಸರು ಹೊತ್ತವೆಲ್ಲ ಬ್ರಿಟನ್ನಿನವೂ ಅಲ್ಲ. ಈಗ ಪಾಕಿಸ್ತಾನದಲ್ಲಿರುವ ದರ್ರಾ ಆದಂ ಖೇಲ್ ಸುತ್ತಮುತ್ತಲಿನ ಕುಶಲಕರ್ಮಿಗಳು ವೆಬ್ಲಿಯ ನಕಲುಗಳನ್ನು ಕೈಯಿಂದಲೇ ತಯಾರಿಸುತ್ತಿದ್ದರು. ಕಾಗುಣಿತ ತಪ್ಪಿದ, ಅಕ್ಷರಗಳು ತಿರುಗುಮುರುಗಾದ ಮುದ್ರೆಗಳು ಅವುಗಳ ಗುಟ್ಟನ್ನು ಹೊರಗೆಡಹುತ್ತವೆ.

ಲೋಹದ ಮೇಲಿನ ಬರಹ

ಹಳೆಯ ರಿವಾಲ್ವರ್‌ನ ಮೈಮೇಲಿನ ಪ್ರತಿ ಮುದ್ರೆಗೂ ಒಂದು ಅರ್ಥವಿದೆ. ಮುಖ್ಯವಾಗಿ ಐದು ಬಗೆಯ ಗುರುತುಗಳನ್ನು ಹುಡುಕಬೇಕು.

ತಯಾರಕರ ಗುರುತು: ವೆಬ್ಲಿ ಅಂಡ್ ಸ್ಕಾಟ್ ಸಂಸ್ಥೆಯದು ರೆಕ್ಕೆಯುಳ್ಳ ಗುಂಡಿನ ಚಿತ್ರ. ಎನ್‌ಫೀಲ್ಡ್ ಆದರೆ ಕಿರೀಟದೊಡನೆ ಕಾರ್ಖಾನೆಯ ಹೆಸರು, ಮಾದರಿ ಮತ್ತು ಇಸವಿ. ಅಮೆರಿಕದ ಸಂಸ್ಥೆಗಳು ನಳಿಕೆಯ ಮೇಲೆ ಹೆಸರು, ಊರು, ಪೇಟೆಂಟ್ ದಿನಾಂಕಗಳನ್ನು ಮುದ್ರಿಸುತ್ತಿದ್ದವು. ಪೇಟೆಂಟ್ ದಿನಾಂಕವನ್ನೇ ತಯಾರಿಕೆಯ ದಿನಾಂಕವೆಂದು ಭಾವಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಆಯುಧವು ಅದಕ್ಕಿಂತ ಹಲವು ದಶಕಗಳ ನಂತರದ್ದಾಗಿರಬಹುದು.

ಕ್ರಮಸಂಖ್ಯೆ: ಇದು ಆಯುಧದ ಜನ್ಮಪತ್ರಿಕೆ. ಚೌಕಟ್ಟು, ಸಿಲಿಂಡರ್, ನಳಿಕೆಗಳ ಮೇಲೆ ಒಂದೇ ಸಂಖ್ಯೆಯಿದ್ದರೆ ಭಾಗಗಳು ಮೂಲದವು. ಬೇರೆಬೇರೆಯಾಗಿದ್ದರೆ ನಡುವೆ ಎಲ್ಲಿಯೋ ಭಾಗ ಬದಲಾಗಿದೆ. ಅಮೆರಿಕದ ಕೋಲ್ಟ್ ಸಂಸ್ಥೆಯ ದಾಖಲೆ ವಿಭಾಗ ಮತ್ತು ಸ್ಮಿತ್ ಅಂಡ್ ವೆಸ್ಸನ್‌ನ ಚರಿತ್ರೆಗೆ ಮೀಸಲಾದ ಪ್ರತಿಷ್ಠಾನ, ಶುಲ್ಕ ಪಡೆದು ಸಂಖ್ಯೆಯ ಆಧಾರದ ಮೇಲೆ ಆಯುಧ ಕಾರ್ಖಾನೆಯಿಂದ ಹೊರಬಿದ್ದ ದಿನಾಂಕ ಮುಂತಾದ ವಿವರಗಳ ಪತ್ರ ನೀಡುವ ಪದ್ಧತಿಯನ್ನು ಇರಿಸಿಕೊಂಡಿವೆ.

ಪರೀಕ್ಷಾ ಮುದ್ರೆ: ಬ್ರಿಟನ್ನಿನಲ್ಲಿ ಪ್ರತಿ ಬಂದೂಕನ್ನೂ ಹೆಚ್ಚಿನ ಒತ್ತಡದ ಗುಂಡಿನಿಂದ ಪರೀಕ್ಷಿಸಿ ಮುದ್ರೆಯೊತ್ತುವುದು ಕಡ್ಡಾಯ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ರಾಜಸನ್ನದು ದೊರೆತದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ಸ್ಥಾಪನೆಯಾದದ್ದು 1813ರಲ್ಲಿ. ಕಿರೀಟದ ಕೆಳಗಿನ 'ಎನ್‌ಪಿ' ಅಕ್ಷರಗಳು ಹೊಗೆರಹಿತ ಮದ್ದಿಗೆ ಆಯುಧ ಪರೀಕ್ಷಿತವಾಗಿದೆ ಎಂಬುದನ್ನು ಸೂಚಿಸುತ್ತವೆ. ಕರಿಮದ್ದಿನ ಕಾಲದ ರಿವಾಲ್ವರ್‌ನಲ್ಲಿ ಆಧುನಿಕ ಗುಂಡು ಬಳಸಿದರೆ ಸಿಲಿಂಡರ್ ಒಡೆದು ಹಿಡಿದವರ ಕೈಗೇ ಅಪಾಯವಾಗಬಹುದು.

ಸರ್ಕಾರಿ ಬಾಣದ ಗುರುತು: ಅಗಲ ತಲೆಯ ಬಾಣದ ಮುದ್ರೆ ಬ್ರಿಟಿಷ್ ಸರ್ಕಾರದ ಸ್ವತ್ತಿನ ಸಂಕೇತ. ಬಾಣದೊಡನೆ 'ಐ' ಅಕ್ಷರವಿದ್ದರೆ ಅದು ಭಾರತದ ಸರಬರಾಜಿಗೆ ಸೇರಿದುದೆಂದು ಅರ್ಥ. ತುದಿಗೆ ತುದಿ ಮುಟ್ಟಿದ ಎರಡು ಬಾಣಗಳಿದ್ದರೆ ಸರ್ಕಾರ ಅದನ್ನು ಸೇವೆಯಿಂದ ಬಿಡುಗಡೆ ಮಾಡಿ ವಿಲೇವಾರಿ ಮಾಡಿದೆ ಎಂದು ತಿಳಿಯಬಹುದು. ಸರ್ಕಾರಿ ಸ್ವತ್ತಿನ ಬಾಣ ಮಾತ್ರವಿದ್ದು ಬಿಡುಗಡೆಯ ಗುರುತು ಇಲ್ಲದಿದ್ದಲ್ಲಿ, ಅದು ಖಾಸಗಿ ಕೈಗೆ ಬಂದ ಬಗೆಯನ್ನು ದಾಖಲೆಗಳಲ್ಲಿ ಹುಡುಕುವುದು ಒಳಿತು.

ವ್ಯಕ್ತಿ ಅಥವಾ ದಳದ ಹೆಸರು: ಹಿಡಿಯ ಪಟ್ಟಿಯ ಮೇಲೆ, ಚರ್ಮದ ಚೀಲದ ಒಳಭಾಗದಲ್ಲಿ ಮೂಲ ಮಾಲೀಕರ ಹೆಸರಿನ ಅಕ್ಷರಗಳು, ರೆಜಿಮೆಂಟಿನ ಗುರುತು ಇರುವುದುಂಟು. ಬಹಳಷ್ಟು ಮಂದಿ ಚೀಲ ಹಳೆಯದೆಂದು ಎಸೆದುಬಿಡುತ್ತಾರೆ. ಚರಿತ್ರೆಯ ಅರ್ಧ ಭಾಗ ಅದರೊಡನೆಯೇ ಹೋಗಿರುತ್ತದೆ.

ಒಂದು ಸಂಖ್ಯೆ ಹೇಳಿದ ಚರಿತ್ರೆ

ಕ್ರಮಸಂಖ್ಯೆಯ ಮಹತ್ವಕ್ಕೆ ದೇಶದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್ ಹತ್ಯೆಯಲ್ಲಿ ಭಗತ್ ಸಿಂಗ್ ಬಳಸಿದ .32 ಬೋರ್ ಕೋಲ್ಟ್ ಪಿಸ್ತೂಲು ಎಲ್ಲಿದೆ ಎಂಬುದು ಹಲವು ದಶಕಗಳ ಕಾಲ ಸಾರ್ವಜನಿಕರಿಗೆ ತಿಳಿದಿರಲಿಲ್ಲ. ಅದು ಇಂದೋರಿನ ಗಡಿ ಭದ್ರತಾ ಪಡೆಯ ಶಸ್ತ್ರಾಸ್ತ್ರ ತರಬೇತಿ ಶಾಲೆಯ ಸಂಗ್ರಹಾಲಯದಲ್ಲಿ ಇತರ ಹಳೆಯ ಆಯುಧಗಳ ನಡುವೆ ಒಂದಾಗಿ ಕುಳಿತಿತ್ತು. ತುಕ್ಕು ಹಿಡಿಯದಿರಲೆಂದು ಬಳಿದಿದ್ದ ಕಪ್ಪು ಬಣ್ಣದ ಅಡಿಯಲ್ಲಿ ಸಂಖ್ಯೆ ಮರೆಯಾಗಿತ್ತು. ಬಣ್ಣ ತೆಗೆದಾಗ ಕಂಡ 168896 ಎಂಬ ಸಂಖ್ಯೆ ಮೊಕದ್ದಮೆಯ ದಾಖಲೆಗಳಲ್ಲಿದ್ದ ಸಂಖ್ಯೆಯೊಡನೆ ತಾಳೆಯಾಯಿತು. 2017ರಲ್ಲಿ ಆ ಪಿಸ್ತೂಲನ್ನು ಪಂಜಾಬಿನ ಹುಸೇನಿವಾಲಾದ ಸಂಗ್ರಹಾಲಯಕ್ಕೆ ಸಾಗಿಸಲಾಯಿತು.

ಆಯುಧ ಮತ್ತು ಕಾಗದ, ಎರಡೂ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು. ಮನೆಯ ರಿವಾಲ್ವರ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಮನೆಯಲ್ಲಿ ಹುಡುಕಬೇಕಾದ ಕಾಗದಗಳು

ಮೊದಲಿಗೆ ಬೇಕಾದುದು ಪರವಾನಗಿ ಪುಸ್ತಕ. ಅದರಲ್ಲಿ ಆಯುಧದ ಬಗೆ, ಬೋರ್, ತಯಾರಕರು, ಕ್ರಮಸಂಖ್ಯೆ, ನವೀಕರಣದ ಮೊಹರುಗಳು ಮತ್ತು ಗುಂಡು ಖರೀದಿಯ ವಿವರಗಳಿರುತ್ತವೆ. ಅದು ಸಿಗದಿದ್ದರೂ ನಿರಾಶರಾಗಬೇಕಿಲ್ಲ. ಚುನಾವಣೆಗಳ ಸಂದರ್ಭದಲ್ಲಿ ಆಡಳಿತದ ಆದೇಶದಂತೆ ಠಾಣೆಯಲ್ಲಿ ಆಯುಧವನ್ನು ಠೇವಣಿ ಇರಿಸಿದಾಗ ಕೊಟ್ಟ ರಸೀದಿಗಳು, ವ್ಯಾಪಾರಿಯ ಬಿಲ್ಲು, ದುರಸ್ತಿಯ ಚೀಟಿ, ಸೇವಾ ನಿವೃತ್ತಿಯ ಪತ್ರಗಳು, ಹಳೆಯ ಛಾಯಾಚಿತ್ರಗಳು ಸಹ ಉಪಯುಕ್ತ. ಪರವಾನಗಿ ನೀಡಿದ ಜಿಲ್ಲಾ ಕಚೇರಿಯ ಕಡತದಲ್ಲಿಯೂ ಮಾಹಿತಿ ಇರುತ್ತದೆ. ಈಚಿನ ವರ್ಷಗಳಲ್ಲಿ ನವೀಕರಿಸಿದ ಪರವಾನಗಿಯಾದರೆ ಶಸ್ತ್ರಾಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದಲ್ಲಿ ನೀಡಲಾದ ವಿಶಿಷ್ಟ ಗುರುತಿನ ಸಂಖ್ಯೆ (ಯುಐಎನ್) ಅದರಲ್ಲಿ ನಮೂದಾಗಿರುತ್ತದೆ.

ಪರವಾನಗಿ ವ್ಯಕ್ತಿಗೆ, ಮನೆಗಲ್ಲ

ಹಲವರಲ್ಲಿರುವ ತಪ್ಪು ಕಲ್ಪನೆಯೆಂದರೆ, ತಂದೆಯ ಹೆಸರಿನಲ್ಲಿ ಪರವಾನಗಿ ಇದ್ದ ಮೇಲೆ ಆಯುಧವು ಆಸ್ತಿಯಂತೆ ತಾನಾಗಿ ಮಕ್ಕಳಿಗೆ ಬರುತ್ತದೆ ಎಂಬುದು. ಆಯುಧದ ಒಡೆತನದ ಹಕ್ಕು ವಾರಸುದಾರರಿಗೆ ಬರಬಹುದು. ಅದನ್ನು ಕೈಯಲ್ಲಿಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ಪರವಾನಗಿಯು ಅದನ್ನು ಪಡೆದ ವ್ಯಕ್ತಿಯೊಡನೆಯೇ ಮುಗಿಯುತ್ತದೆ.

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ, ಯಾವುದೇ ಕಾರಣದಿಂದ ಆಯುಧ ಅಥವಾ ಗುಂಡುಗಳನ್ನು ಹೊಂದಿರುವುದು ಸಕ್ರಮವಲ್ಲದಂತಾದರೆ ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ನಿಯಮಾನುಸಾರ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇರಿಸಬೇಕು. ಠೇವಣಿ ಇರಿಸಿದೊಡನೆ ಆಯುಧ ಕೈಬಿಟ್ಟುಹೋಯಿತೆಂದು ಭಯಪಡಬೇಕಾಗಿಲ್ಲ. ನಿಗದಿತ ಅವಧಿಯೊಳಗೆ ಪರವಾನಗಿ ಪಡೆದರೆ ಅದನ್ನು ಹಿಂಪಡೆಯಬಹುದು, ಅಥವಾ ಅರ್ಹರಿಗೆ ಮಾರಿ ಹಣ ಪಡೆಯಬಹುದು. ಅವಧಿ ಮೀರಿದರೆ ಮಾತ್ರ ಅದು ಸರ್ಕಾರಕ್ಕೆ ಮುಟ್ಟುಗೋಲಾಗುವ ಸಂಭವವುಂಟು. ಆದ್ದರಿಂದ ಠೇವಣಿಯ ರಸೀದಿಯಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ಗುಂಡುಗಳ ಎಣಿಕೆ ಸರಿಯಾಗಿ ಬರೆಯಲ್ಪಟ್ಟಿವೆಯೇ ಎಂಬುದನ್ನು ಅಲ್ಲಿಯೇ ಪರಿಶೀಲಿಸಬೇಕು.

ಪರವಾನಗಿಯಿಲ್ಲದೆ ಬಂದೂಕು ಅಥವಾ ಗುಂಡುಗಳನ್ನು ಹೊಂದಿರುವುದಕ್ಕೆ 25ನೆಯ ಸೆಕ್ಷನ್ ಅಡಿಯಲ್ಲಿ ಶಿಕ್ಷೆಯಿದೆ. 2019ರ ತಿದ್ದುಪಡಿಯ ನಂತರ ಇದು ಎರಡರಿಂದ ಐದು ವರ್ಷಗಳ ಸೆರೆವಾಸ ಮತ್ತು ದಂಡ. ನಿಷೇಧಿತ ವರ್ಗದ ಆಯುಧವಾದರೆ ಏಳರಿಂದ ಹದಿನಾಲ್ಕು ವರ್ಷ. ರಿವಾಲ್ವರ್ ಇಲ್ಲದೆ, ಡಬ್ಬಿಯಲ್ಲಿ ಉಳಿದ ನಾಲ್ಕು ಹಳೆಯ ಗುಂಡುಗಳಿದ್ದರೂ ಕಾನೂನು ಅನ್ವಯಿಸುತ್ತದೆ ಎಂಬುದು ಗಮನಾರ್ಹ.

ವಾರಸುದಾರರಿಗೆ ಇರುವ ದಾರಿ

2016ರ ನಿಯಮಗಳ 25ನೆಯ ನಿಯಮವು ವಾರಸುದಾರರಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳೂ ಬೆಂಗಳೂರಿನಂತಹ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರೂ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗಳು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಇತರ ವಾರಸುದಾರರ ಒಪ್ಪಿಗೆ, ಮೂಲ ಪರವಾನಗಿ, ವೈದ್ಯಕೀಯ ಪ್ರಮಾಣಪತ್ರ, ಆಯುಧ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಮುಂತಾದವುಗಳನ್ನು ಸಿದ್ಧವಾಗಿರಿಸಿಕೊಳ್ಳುವುದು ಒಳ್ಳೆಯದು. ಪೊಲೀಸ್ ವರದಿ ಅನುಕೂಲವಾಗಿರಬೇಕು. ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿದ್ದು, ಪಿತ್ರಾರ್ಜಿತ ಆಯುಧಕ್ಕೂ ಇದೇ ಮಿತಿ ಅನ್ವಯಿಸುತ್ತದೆ. ಈಗಾಗಲೇ ಎರಡು ಬಂದೂಕು ಹೊಂದಿರುವ ಮಗ ಅಥವಾ ಮಗಳು ತಂದೆಯದನ್ನು ಮೂರನೆಯದಾಗಿ ಇರಿಸಿಕೊಳ್ಳಲಾಗದು.

ಇದೇ ನಿಯಮದಲ್ಲಿ ಇನ್ನೊಂದು ಮುಖ್ಯ ಅವಕಾಶವಿದ್ದು, ಅದರ ಅರಿವು ಕುಟುಂಬಗಳಲ್ಲಿ ಕಡಿಮೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಆಯುಧವನ್ನು 25 ವರ್ಷ ಹೊಂದಿದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರಿಗೆ ಪರವಾನಗಿ ನೀಡಬಹುದು. ಅಂದರೆ ತಂದೆ ಅಥವಾ ತಾಯಿ ಬದುಕಿರುವಾಗಲೇ ಆಯುಧವನ್ನು ಮುಂದಿನ ಪೀಳಿಗೆಗೆ ಸಕ್ರಮವಾಗಿ ದಾಟಿಸಲು ದಾರಿಯಿದೆ. ಕಾಗದಪತ್ರ ಎಲ್ಲಿದೆ, ಆಯುಧ ಯಾರಿಂದ ಬಂತು, ಯಾವ ಇಸವಿಯಲ್ಲಿ ಕೊಂಡದ್ದು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಆಗ ಎದುರಿಗೇ ಇರುತ್ತಾರೆ. ಅವರ ನಂತರ ಉಳಿಯುವುದು ಊಹೆ ಮಾತ್ರ.

ಬೋರ್ ಎಂಬ ತಡೆಗೋಡೆ

ಭಾರತದ ಕಾನೂನಿನಲ್ಲಿ ಆಯುಧದ ವಯಸ್ಸಿಗಿಂತ ಅದರ ಬೋರ್ ನಿರ್ಣಾಯಕ. ಸೇನೆ ಮತ್ತು ಪೊಲೀಸರ ಬಳಕೆಯ ಬೋರ್‌ಗಳನ್ನು ನಾಗರಿಕರಿಗೆ ನಿಷೇಧಿತವೆಂದು ಪರಿಗಣಿಸಲಾಗಿದೆ. ರಿವಾಲ್ವರ್‌ಗಳಲ್ಲಿ .38 ಮತ್ತು .455 ಈ ವರ್ಗಕ್ಕೆ ಸೇರುತ್ತವೆ. .32 ಬೋರ್ ನಿಷೇಧಿತವಲ್ಲದ್ದು. ಕಾನ್ಪುರದ ಕಾರ್ಖಾನೆ ನಾಗರಿಕರಿಗಾಗಿ .32 ಬೋರ್ ಅನ್ನೇ ಆರಿಸಿಕೊಂಡುದರ ಹಿನ್ನೆಲೆ ಇದು. 2014ರಲ್ಲಿ ಮಹಿಳೆಯರ ಬಳಕೆಗೆಂದು ಬಿಡುಗಡೆಯಾದ 'ನಿರ್ಭೀಕ್' ರಿವಾಲ್ವರ್ ಕೂಡ .32 ಬೋರ್‌ನದೇ.

ಹೀಗಾಗಿ ಅಜ್ಜ ಅಥವಾ ತಂದೆ ಸೇನೆಯಿಂದ ತಂದ ವೆಬ್ಲಿ ಮಾರ್ಕ್ 6 ಅಥವಾ ಎನ್‌ಫೀಲ್ಡ್ ನಂಬರ್ 2 ವಾರಸುದಾರರ ಪಾಲಿಗೆ ಜಟಿಲ ಪ್ರಶ್ನೆಯಾಗುತ್ತದೆ. ನಿಷೇಧಿತ ವರ್ಗದ ಆಯುಧಕ್ಕೆ ಅನುಮತಿ ನೀಡುವ ಅಧಿಕಾರ ಜಿಲ್ಲಾ ಮಟ್ಟದಲ್ಲಿಲ್ಲ, ಅದು ಕೇಂದ್ರ ಗೃಹ ಸಚಿವಾಲಯದ್ದು. ಅರ್ಜಿ ಇತ್ಯರ್ಥವಾಗುವ ತನಕ ಆಯುಧ ಠೇವಣಿಯಲ್ಲಿಯೇ ಇರಬೇಕು.

ಬೋರ್‌ನ ಹೆಸರುಗಳಲ್ಲಿಯೂ ಗೊಂದಲವುಂಟು. ಬ್ರಿಟಿಷ್ ಸೇನೆಯ .38 ಮತ್ತು ಅಮೆರಿಕದ .38 ಸ್ಪೆಷಲ್ ಹೆಸರಿನಲ್ಲಿ ಹತ್ತಿರವಾದರೂ ತೋಟಾದ ಉದ್ದ, ದಪ್ಪಗಳಲ್ಲಿ ಬೇರೆ. ಒಂದರ ಗೂಡಿಗೆ ಇನ್ನೊಂದು ಹೊಂದದು. ಆದ್ದರಿಂದ ಬೋರ್ ಅನ್ನು ಕಣ್ಣಳತೆಯಿಂದ ನಿರ್ಧರಿಸದೆ ತಜ್ಞರಿಂದ ಬರೆಸಿಕೊಳ್ಳುವುದು ಕ್ಷೇಮ.

'ಪುರಾತನ' ಎಂದರೆ ಪರವಾನಗಿ ಬೇಡವೇ?

ಅಂತರಜಾಲದಲ್ಲಿ ಹುಡುಕಿದವರಿಗೆ 1898 ಅಥವಾ ಅದಕ್ಕೆ ಮೊದಲು ತಯಾರಾದ ಬಂದೂಕುಗಳಿಗೆ ಪರವಾನಗಿ ಬೇಡ ಎಂಬ ಮಾತು ಕಾಣಸಿಗುತ್ತದೆ. ಇದು ಅಮೆರಿಕದ 1968ರ ಕಾನೂನಿನ ವ್ಯಾಖ್ಯೆ. ಬ್ರಿಟನ್ನಿನ ಮಾನದಂಡ ಬೇರೆ. ಅಲ್ಲಿ 2021ರ ನಿಯಮಾವಳಿಯ ಪ್ರಕಾರ ತಯಾರಿಕೆಯ ಕಾಲದೊಡನೆ ತೋಟಾ ಬಳಕೆ ತಪ್ಪಿದವುಗಳ ಪಟ್ಟಿಯಲ್ಲಿದೆಯೇ ಎಂಬುದನ್ನೂ ನೋಡುತ್ತಾರೆ. ಈ ಎರಡೂ ಭಾರತಕ್ಕೆ ಅನ್ವಯಿಸುವುದಿಲ್ಲ.

ನಮ್ಮ ಕಾಯ್ದೆಯ 45ನೆಯ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ನೀಡುವುದು ನಿಜ. ಆದರೆ ಅದಕ್ಕೊಂದು ಷರತ್ತಿದೆ. ಆ ಆಯುಧವು ದುರಸ್ತಿ ಮಾಡಿದರೂ ಗುಂಡು ಹಾರಿಸಲು ಬಾರದಂತಿರಬೇಕು. ತುಕ್ಕು ಹಿಡಿದು ನಿಂತ ರಿವಾಲ್ವರ್‌ಗೆ ಒಂದು ಸ್ಪ್ರಿಂಗ್ ಹಾಕಿದರೆ ಅದು ನಡೆಯುವಂತಿದ್ದಲ್ಲಿ ವಿನಾಯಿತಿ ದೊರೆಯದು. 2020ರ ಫೆಬ್ರುವರಿಯಲ್ಲಿ ಗೃಹ ಸಚಿವಾಲಯವು ನಿಯಮಗಳಿಗೆ ತಿದ್ದುಪಡಿ ತಂದು, 'ಕ್ಯೂರಿಯೊ' ವರ್ಗಕ್ಕೆ ಸೇರುವ ಸಣ್ಣ ಶಸ್ತ್ರಗಳನ್ನು ಭಾರತೀಯ ನಾಗರಿಕರು ಹೊಂದಲು ಪರವಾನಗಿ ಬೇಕಿಲ್ಲವೆಂದಿತು. ಆದರೆ ಅವುಗಳನ್ನು ಬಳಸಲು, ಒಯ್ಯಲು, ಸಾಗಿಸಲು ಪರವಾನಗಿ ಬೇಕೇ ಬೇಕು. ತಮ್ಮ ಮನೆಯ ಆಯುಧ ಈ ವರ್ಗಕ್ಕೆ ಸೇರುತ್ತದೆಂದು ಮಾಲೀಕರೇ ತೀರ್ಮಾನಿಸಿಕೊಳ್ಳುವುದು ಅಪಾಯಕರ. ಪರವಾನಗಿ ಪ್ರಾಧಿಕಾರದಿಂದ ಲಿಖಿತ ಅಭಿಪ್ರಾಯ ಪಡೆಯುವುದೇ ಸರಿಯಾದ ಕ್ರಮ.

ವಿದೇಶದಲ್ಲಿ ನೆಲೆಸಿದ ಮಕ್ಕಳು ತಂದೆಯ ನೆನಪಿಗೆಂದು ಹಳೆಯ ರಿವಾಲ್ವರ್ ಅನ್ನು ಹೊರದೇಶಕ್ಕೆ ಒಯ್ಯಲು ಬಯಸುವುದುಂಟು. ಇಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಜೊತೆಗೆ, ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು ತಡೆಯುವ 1972ರ ಕಾಯ್ದೆಯನ್ನೂ ಗಮನಿಸಬೇಕು. ಆಯಾ ದೇಶದ ಆಮದು ನಿಯಮಗಳು ಬೇರೆಯೇ ಇರುತ್ತವೆ.

ಕೊಡಗಿನ ವಿಶೇಷ

ಕೋವಿಯನ್ನು ಕುಟುಂಬದ ಗೌರವವೆಂದು ಕಾಣುವ ನಾಡು ಕೊಡಗು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಕೊಡವರಿಗೆ ಶಸ್ತ್ರಾಸ್ತ್ರ ನಿರ್ಬಂಧದಿಂದ ವಿನಾಯಿತಿ ದೊರೆತದ್ದು ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಅವಧಿಯಲ್ಲಿ. ಸ್ವಾತಂತ್ರ್ಯದ ನಂತರ 1959ರ ಕಾಯ್ದೆಯ ಅಡಿಯಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇದು ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ಆದರೆ ಈ ವಿನಾಯಿತಿ ಸಾರಾಸಗಟಾದುದಲ್ಲ. ಅದು ಕೊಡಗು ಜಿಲ್ಲೆಗೆ ಸೀಮಿತ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ ಮಗ ಊರಿನ ಐನ್‌ಮನೆಯಲ್ಲಿದ್ದ ತಂದೆಯ ಆಯುಧವನ್ನು ಅದರ ಬಲದ ಮೇಲೆ ನಗರಕ್ಕೆ ತರಲಾಗದು. ಯಾವ ಬಗೆಯ ಆಯುಧ ವಿನಾಯಿತಿಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನೂ ಜಿಲ್ಲಾಡಳಿತದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಉಜ್ಜಬೇಡಿ, ಹೊಳೆಯಿಸಬೇಡಿ

ಸಕ್ರಮವಾಗಿ ಉಳಿಸಿಕೊಂಡ ನಂತರದ ಪ್ರಶ್ನೆ ಸಂರಕ್ಷಣೆಯದು. ಹಳೆಯ ರಿವಾಲ್ವರ್ ಕಪ್ಪುಗಟ್ಟಿದೆಯೆಂದು ಮರಳು ಕಾಗದದಿಂದ ಉಜ್ಜಿಸಿ, ನಿಕಲ್ ಲೇಪಿಸಿ ಹೊಳೆಯಿಸುವವರಿದ್ದಾರೆ. ಇದರಿಂದ ಮೂಲ ಲೇಪ ನಾಶವಾಗಿ ಸಂಗ್ರಹ ಮೌಲ್ಯ ಕುಸಿಯುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿ ಬೇರೆಯಿದೆ. ಕಾಯ್ದೆಯ 8ನೆಯ ಸೆಕ್ಷನ್ ಪ್ರಕಾರ ಆಯುಧದ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ಅಪರಾಧ. ಅಳಿಸಿದ ಗುರುತಿನ ಆಯುಧ ಯಾರ ಬಳಿ ಇದೆಯೋ ಅವರೇ ಅಳಿಸಿದ್ದಾರೆಂದು, ಬೇರೆಯಾಗಿ ರುಜುವಾತಾಗದ ಹೊರತು, ಕಾನೂನು ಭಾವಿಸುತ್ತದೆ. ಅಕ್ಕರೆಯಿಂದ ಮಾಡಿದ ಪಾಲಿಶ್ ಆರೋಪಕ್ಕೆ ಕಾರಣವಾಗಬಹುದು.

ಲೋಹಕ್ಕೆ ತೆಳುವಾಗಿ ಬಂದೂಕಿನ ಎಣ್ಣೆ ಸವರಿ, ತೇವವಿಲ್ಲದ ಕಡೆ ಇರಿಸುವುದು ಸಾಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಇರಿಸಿದರೆ ಚರ್ಮ ಹೀರಿದ ತೇವ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಚೀಲವನ್ನು ಪ್ರತ್ಯೇಕವಾಗಿ ಕಾಪಾಡಬೇಕು. ಗುಂಡು ಹಾರಿಸಿ 'ಪರೀಕ್ಷಿಸುವ' ಆಸೆಯನ್ನಂತೂ ಬಿಡುವುದೇ ಲೇಸು.

ಇರಿಸಿಕೊಳ್ಳಲು ಇಚ್ಛೆ ಅಥವಾ ಅರ್ಹತೆ ಇಲ್ಲದವರು ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ಅರ್ಹ ವ್ಯಕ್ತಿಗೆ ಮಾರಬಹುದು, ಇಲ್ಲವೇ ಸರ್ಕಾರಕ್ಕೆ ಒಪ್ಪಿಸಬಹುದು. ಯಾವ ದಾರಿ ಹಿಡಿದರೂ ಆಯುಧ ಕೈಬಿಡುವ ಮುನ್ನ ಅದರ ಎಲ್ಲ ಮುದ್ರೆಗಳ ಛಾಯಾಚಿತ್ರ ಮತ್ತು ತಂದೆಯ ಪರವಾನಗಿಯ ಪ್ರತಿಯನ್ನು ಇರಿಸಿಕೊಂಡರೆ ಕುಟುಂಬದ ಪಾಲಿಗೆ ಅದರ ಚರಿತ್ರೆ ಉಳಿಯುತ್ತದೆ.

ನೆನಪಿಡಬೇಕಾದ ಅಂಶಗಳು

* ಆಯುಧದಲ್ಲಿ ಗುಂಡು ಇದೆ ಎಂದೇ ಭಾವಿಸಿ ಬೀಗದಲ್ಲಿಡಿ. ತೆರೆಯುವ ಕೆಲಸ ತಿಳಿದವರಿಗೆ ಬಿಡಿ.
* ಪರವಾನಗಿ ಪುಸ್ತಕ, ಠೇವಣಿ ರಸೀದಿ, ಹಳೆಯ ಬಿಲ್ಲುಗಳನ್ನು ಹುಡುಕಿ ಕ್ರಮಸಂಖ್ಯೆಯೊಡನೆ ತಾಳೆ ನೋಡಿ.
* ಪರವಾನಗಿದಾರರ ನಿಧನದ ನಂತರ ವಿಳಂಬವಿಲ್ಲದೆ ಠಾಣೆಗೆ ಲಿಖಿತ ಮಾಹಿತಿ ನೀಡಿ, ಠೇವಣಿ ಇರಿಸಿ, ರಸೀದಿ ಪಡೆಯಿರಿ. ಗುಂಡುಗಳನ್ನೂ ಮರೆಯಬೇಡಿ.
* .38 ಮತ್ತು .455 ಬೋರ್ ಆದರೆ ನಿರ್ಧಾರ ಕೇಂದ್ರ ಗೃಹ ಸಚಿವಾಲಯದ್ದು.
* 'ಹಳೆಯದು, ಕೆಟ್ಟಿದೆ' ಎಂಬುದು ತಾನಾಗಿ ವಿನಾಯಿತಿ ಅಲ್ಲ.
* ಗುರುತುಗಳನ್ನು ಉಜ್ಜಿ ಅಳಿಸಬೇಡಿ.
* ಪರವಾನಗಿದಾರರು 70 ವರ್ಷ ತಲುಪಿದ್ದರೆ ಅಥವಾ 25 ವರ್ಷ ಆಯುಧ ಹೊಂದಿದ್ದರೆ, ಅವರ ಜೀವಿತಕಾಲದಲ್ಲಿಯೇ ವಾರಸುದಾರರ ಹೆಸರಿಗೆ ಪರವಾನಗಿಗಾಗಿ ಅರ್ಜಿ ಸಲ್ಲಿಸಬಹುದು.